ಮೊದಲು ತಳ ನೋಡಿ: ಒಂದು ಫೈಕಸ್ ಬೋನ್ಸಾಯ್‌ಗೆ ಕುಂಡ ಆರಿಸಿ, ತಿದ್ದಿ, ಗಿಡ ಕೂರಿಸುವ ಕೆಲಸ

ಬೋನ್ಸಾಯ್ ಕುಂಡ ಕೊಳ್ಳಲು ಹೋದವರು ಮೊದಲು ನೋಡುವುದು ಬಣ್ಣ, ಆಮೇಲೆ ಆಕಾರ. ತಳ ತಿರುಗಿಸಿ ನೋಡುವವರು ಕಡಿಮೆ. ಗಿಡ ಬದುಕುವುದೋ ಕೊಳೆಯುವುದೋ ತೀರ್ಮಾನವಾಗುವುದು ಮಾತ್ರ ಆ ತಳದಲ್ಲೇ. ಇಲ್ಲಿ ಒಂದು ಗಿಡವನ್ನು ಹಿಡಿದುಕೊಂಡು ಅಳತೆಯಿಂದ ನೀರು ಹಾಕುವ ತನಕ ಇಡೀ ಕೆಲಸವನ್ನು ಕ್ರಮವಾಗಿ ಬರೆದಿದೆ. ಗಿಡ ಫೈಕಸ್ ಮೈಕ್ರೊಕಾರ್ಪಾ, ಆಲದ ಬಳಗದ್ದು. ಬೆಂಗಳೂರಿನ ನರ್ಸರಿಗಳಲ್ಲಿ ಬೋನ್ಸಾಯ್ ಎಂದು ಕೇಳಿದರೆ ಸಾಮಾನ್ಯವಾಗಿ ಮೊದಲು ತೋರಿಸುವುದು ಇದನ್ನೇ. ಜಾಗ ಬೆಂಗಳೂರಿನ ತಾರಸಿ, ಬೆಳಗಿನ ಬಿಸಿಲು, ಬೋರ್‌ವೆಲ್ ನೀರು.

ಅಳತೆ

ಗಿಡ ಈಗ 12 ಸೆಂ.ಮೀ. ಆಳದ ಪ್ಲಾಸ್ಟಿಕ್ ತೊಟ್ಟಿಯಲ್ಲಿದೆ. ಮಣ್ಣಿನ ಮಟ್ಟದಿಂದ ತುದಿಯವರೆಗೆ ಎತ್ತರ 46 ಸೆಂ.ಮೀ., ಕೊಂಬೆಗಳ ಹರವು 50, ಬುಡದಲ್ಲಿ ಬೇರು ಹರಡಿಕೊಳ್ಳುವ ಜಾಗಕ್ಕಿಂತ ಒಂದು ಬೆರಳು ಮೇಲೆ ಕಾಂಡದ ದಪ್ಪ 6.5.

ಜಪಾನಿನಿಂದ ಬಂದ ಲೆಕ್ಕ ಹೀಗಿದೆ: ಗಿಡ ಎತ್ತರವಾಗಿದ್ದರೆ ಎತ್ತರದ ಮೂರನೇ ಎರಡರಷ್ಟು ಕುಂಡದ ಉದ್ದ. ಎತ್ತರಕ್ಕಿಂತ ಹರವು ಹೆಚ್ಚಿದ್ದರೆ ಹರವಿನ ಮೂರನೇ ಎರಡು. ಆಳ ಕಾಂಡದ ದಪ್ಪದಷ್ಟು. ಅಗಲ ಮುಂದಕ್ಕೂ ಹಿಂದಕ್ಕೂ ಚಾಚಿದ ಕೊಂಬೆಗಳ ಅಳತೆಗಿಂತ ಸ್ವಲ್ಪ ಕಡಿಮೆ. ನಮ್ಮ ಗಿಡಕ್ಕೆ ಎತ್ತರದ ಲೆಕ್ಕದಲ್ಲಿ ಸುಮಾರು 31, ಹರವಿನ ಲೆಕ್ಕದಲ್ಲಿ 33 ಬರುತ್ತದೆ. ಆಳ 6.5.

ಈ ಲೆಕ್ಕ ಕಣ್ಣಿಗೆ ಚೆಂದ ಕಾಣುವುದಕ್ಕೆ ಇರುವುದು, ಬೇರಿನ ಆರೋಗ್ಯಕ್ಕಲ್ಲ. ಆದ್ದರಿಂದ ಇದನ್ನು ಶುರುವಿನ ಅಂದಾಜು ಎಂದು ಇಟ್ಟುಕೊಂಡು ಊರಿನ ಹವೆಗೆ ತಿದ್ದಿಕೊಳ್ಳಬೇಕು. ಮಾರ್ಚ್, ಏಪ್ರಿಲ್ ಬಿಸಿಲಿಗೆ ತಾರಸಿಯ ಮೇಲೆ 5 ಸೆಂ.ಮೀ. ಆಳದ ತಟ್ಟೆಯಂಥ ಕುಂಡ ಮಧ್ಯಾಹ್ನದೊಳಗೆ ಒಣಗುತ್ತದೆ. ಕೆಲಸಕ್ಕೆ ಹೋಗುವವರ ಮನೆಯಲ್ಲಿ ಅದು ನಡೆಯುವುದಿಲ್ಲ. ಲೆಕ್ಕ 6.5 ಎಂದರೆ ಒಳಗಿನ ಆಳ 7 ಹಿಡಿಯುವುದು ಒಳ್ಳೆಯದು. ಕಲಬುರಗಿ, ರಾಯಚೂರಿನ ಬಿಸಿಲಿಗೆ ಇನ್ನೂ ಒಂದೂವರೆ ಸೆಂ.ಮೀ. ಸೇರಿಸಿ. ಮಂಗಳೂರಿನ ಮಳೆಗೆ ಆಳ ಹೆಚ್ಚಿಸುವುದಕ್ಕಿಂತ ತೂತು ದೊಡ್ಡದು ಮಾಡುವುದು ಮುಖ್ಯ.

ಇಲ್ಲಿ "ಒಳಗಿನ" ಎಂಬ ಮಾತಿಗೆ ತೂಕವಿದೆ. ಅಂಗಡಿಯವರು ಹೇಳುವ ಅಳತೆ ಹೊರಗಿನದು, ಅದೂ ಇಂಚಿನಲ್ಲಿ. 34 ಸೆಂ.ಮೀ. ಎಂದ ಕುಂಡದ ಅಂಚು ಎರಡೂ ಬದಿ ಒಂದೂವರೆ ಸೆಂ.ಮೀ. ತಿಂದರೆ ಒಳಗೆ ಉಳಿಯುವುದು 31. ಎತ್ತರ 9 ಎಂದರೆ ಕಾಲು 1, ತಳದ ದಪ್ಪ 1, ಮಣ್ಣು ಕೂರುವ ಆಳ 7. ಎತ್ತರ 6.5 ಎಂದು ನೋಡಿ ಕೊಂಡು ತಂದ ಕುಂಡದಲ್ಲಿ ಬೇರಿಗೆ ಸಿಗುವುದು ನಾಲ್ಕೂವರೆ ಮಾತ್ರ. ಬೇರಿನ ಗಡ್ಡೆ ಕುಂಡದಲ್ಲಿ ಇಳಿಯದೆ ಗುಡ್ಡೆಯಂತೆ ಮೇಲೆ ನಿಂತು, ಹಾಕಿದ ನೀರೆಲ್ಲ ಬದಿಗೆ ಜಾರಿಹೋಗುವುದಕ್ಕೆ ಬಹಳ ಸಲ ಕಾರಣ ಈ ಲೆಕ್ಕವೇ. ಅಂಗಡಿಗೆ ಹೋಗುವಾಗ ಟೇಪು ಜೊತೆಗಿರಲಿ, ಒಳಗಿಟ್ಟು ಅಳೆಯಿರಿ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಒಳಗಿನ ತಳ, ಹೊರಗಿನ ತಳ, ಸ್ಕೇಲ್ ಇಟ್ಟು ತೆಗೆದ ಬದಿಯ ನೋಟ, ಈ ಮೂರು ಫೋಟೊ ಕೇಳಿ. ಮುಂಭಾಗದ ಚಿತ್ರವೊಂದನ್ನೇ ನೋಡಿ ಹಣ ಕೊಡಬೇಡಿ.

ಆಳ ಕಡಿಮೆಯಾದರೆ ನೀರು ಬೇಗ ಹೋಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಆಗುವುದು ತಿರುಗಾಮುರುಗಾ. ಪಾತ್ರೆ ತಿಕ್ಕುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿ, ಮತ್ತೆ ನೀರು ಸುರಿಯುತ್ತದೆ. ಕುಂಡದ ಮಣ್ಣೂ ಹಾಗೆಯೇ. ಮಣ್ಣಿನ ಕಾಳು ಒಂದೇ ಗಾತ್ರದ್ದಾದರೆ, ತಳದಲ್ಲಿ ಇಳಿಯದೆ ನಿಲ್ಲುವ ಒದ್ದೆ ಪದರದ ಎತ್ತರ ಆಳದ ಕುಂಡಕ್ಕೂ ತಟ್ಟೆ ಕುಂಡಕ್ಕೂ ಒಂದೇ. ಆ ಪದರ 2 ಸೆಂ.ಮೀ. ಇದೆಯೆಂದು ಇಟ್ಟುಕೊಳ್ಳಿ. 15 ಸೆಂ.ಮೀ. ಆಳದ ಕುಂಡದಲ್ಲಿ ಅದು ಎಂಟನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. 6 ಸೆಂ.ಮೀ. ಕುಂಡದಲ್ಲಿ ಮೂರನೇ ಒಂದು ಭಾಗ. ಬೇರಿನ ಮೂರನೇ ಒಂದು ಪಾಲು ಗಾಳಿಯಿಲ್ಲದೆ ನೆನೆದಿರುತ್ತದೆ. ತಟ್ಟೆ ಕುಂಡಕ್ಕೆ ತೋಟದ ಕೆಂಪು ಮಣ್ಣು ತುಂಬಿದರೆ ಮಳೆಗಾಲದಲ್ಲಿ ಬೇರು ಕೊಳೆಯುವುದು ಇದರಿಂದಲೇ. ಕುಂಡ ತೆಳ್ಳಗಾದಷ್ಟೂ ಮಣ್ಣಿನ ಕಾಳು ದಪ್ಪಗಿರಬೇಕು, ತಳದ ತೂತು ನೆಟ್ಟಗಿರಬೇಕು.

ಆಕಾರ, ಬಣ್ಣ

ಇದನ್ನು ಬೇಗ ಮುಗಿಸಬಹುದು. ಆಲದಂತೆ ಅಗಲಕ್ಕೆ ಹರಡಿ ಬಿಳಲು ಬಿಡುವ ಫೈಕಸ್‌ಗೆ ಮೊಟ್ಟೆಯಾಕಾರದ ತೆಳು ಕುಂಡ ಒಪ್ಪುತ್ತದೆ. ದಪ್ಪ ಕಾಂಡ, ಒರಟು ತೊಗಟೆ ಇದ್ದು ನೆಟ್ಟಗೆ ನಿಂತ ಹುಣಸೆಗೆ ಮೂಲೆಗಳಿರುವ ಆಯತ ಕುಂಡ ಚೆಂದ. ಜೋತುಬಿದ್ದ ಗಿಡಕ್ಕೆ ಆಳದ ಚೌಕ ಅಥವಾ ಆರು ಮೂಲೆಯ ಕುಂಡ ಬೇಕು, ಇಲ್ಲದಿದ್ದರೆ ಗಿಡದ ಭಾರಕ್ಕೆ ಮಗುಚುತ್ತದೆ. ತೆಳ್ಳಗೆ ಎತ್ತರಕ್ಕೆ ಹೋಗಿ ತುದಿಯಲ್ಲಷ್ಟೇ ಕೊಂಬೆ ಇರುವ ಗಿಡಕ್ಕೆ ಸಣ್ಣ ದುಂಡು ಕುಂಡ.

ಹೊರಗೆ ಮೆರುಗು (ಗ್ಲೇಜ್) ಹಚ್ಚಿದ ಕುಂಡವನ್ನು ಹೂವು, ಹಣ್ಣು ಬಿಡುವ ಗಿಡಗಳಿಗೆ ಮೀಸಲಿಡುವುದು ರೂಢಿ. ಕಡುಗುಲಾಬಿ ಬೋಗನ್‌ವಿಲ್ಲಾಗೆ ಕೆನೆ ಬಣ್ಣ ಅಥವಾ ಮಾಸಿದ ನೀಲಿ ಬಹಳ ಚೆನ್ನಾಗಿ ಕೂರುತ್ತದೆ. ಫೈಕಸ್‌ನ ತೊಗಟೆ ಬೂದು, ಎಲೆ ಹೊಳೆಯುವ ಕಡುಹಸಿರು. ಎಲೆಯೇ ಹೊಳೆಯುವಾಗ ಕುಂಡವೂ ಹೊಳೆಯಬೇಕಾಗಿಲ್ಲ. ಮೆರುಗಿಲ್ಲದ ಕಂದು ಅಥವಾ ಬೂದು ಛಾಯೆಯ ಕಂದು ಸಾಕು. ಅಂಗಡಿಯಲ್ಲಿ ಎದ್ದು ಕಾಣುವ ಕುಂಡ ಮನೆಯಲ್ಲೂ ಎದ್ದು ಕಾಣುತ್ತದೆ, ಗಿಡ ಹಿಂದೆ ಸರಿಯುತ್ತದೆ. ಡ್ರ್ಯಾಗನ್ ಕೆತ್ತಿದ, ಚಿತ್ರ ಬರೆದ ಕುಂಡಗಳಲ್ಲಿ ಗಿಡ ನೆಡಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಎಲ್ಲಿ ಏನು ಸಿಗುತ್ತದೆ

ಜಪಾನಿನ ಐಚಿ ಪ್ರಾಂತ್ಯದ ತೊಕೊನಾಮೆ, ಆ ದೇಶದ ಆರು ಪುರಾತನ ಆವೆಗಳ ಊರುಗಳಲ್ಲಿ ಒಂದು. ಬೋನ್ಸಾಯ್ ಕುಂಡಕ್ಕೆ ಜಗತ್ತೇ ನೋಡುವುದು ಅತ್ತ. ಚೀನಾದ ಜಿಯಾಂಗ್ಸು ಪ್ರಾಂತ್ಯದ ಯಿಶಿಂಗ್ ನೇರಳೆ ಛಾಯೆಯ ಜೇಡಿಮಣ್ಣಿನ ಚಹಾ ಪಾತ್ರೆಗೆ ಹೆಸರಾದ ಊರು, ಅದೇ ಮಣ್ಣಿನಿಂದ ಕುಂಡಗಳೂ ಬರುತ್ತವೆ. ಎರಡೂ ಹೆಚ್ಚು ಶಾಖದಲ್ಲಿ ಸುಟ್ಟವು, ನೀರು ಹೀರುವುದು ಅತಿ ಕಡಿಮೆ. ಭಾರತದಲ್ಲಿ ಉತ್ತರ ಪ್ರದೇಶದ ಖುರ್ಜಾದಿಂದ ಮೆರುಗಿನ ಸೆರಾಮಿಕ್ ಕುಂಡಗಳು ಎಲ್ಲ ಕಡೆ ಹೋಗುತ್ತವೆ. ಬೆಂಗಳೂರಿನಲ್ಲಿ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳು, ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ಮಳಿಗೆಗಳು ಹುಡುಕಲು ಯೋಗ್ಯ ಜಾಗಗಳು. ಪಾಟರಿ ಟೌನ್‌ನಲ್ಲಿ ಹೆಚ್ಚಾಗಿ ಟೆರಾಕೋಟ ಸಿಗುತ್ತದೆ. ಬೆಳಗಾವಿ ಜಿಲ್ಲೆಯ ಖಾನಾಪುರವೂ ಮಡಕೆ ಕಸುಬಿಗೆ ಹೆಸರಾದ ಊರು, ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಅಲ್ಲಿದೆ.

ಕುಂಬಾರರ ಹತ್ತಿರ ಹೇಳಿ ಮಾಡಿಸುವುದಾದರೆ ಅಳತೆಯನ್ನು "ಸುಟ್ಟ ಮೇಲೆ ಇಷ್ಟು" ಎಂದು ಬರೆದು ಕೊಡಿ. ಹಸಿ ಮಣ್ಣು ಒಣಗಿ, ಸುಟ್ಟು ಹೊರಬರುವಷ್ಟರಲ್ಲಿ ಕುಗ್ಗುತ್ತದೆ. ಕುಗ್ಗುವುದು ಶೇ. 12 ಆದರೆ, 34 ಸೆಂ.ಮೀ. ಬೇಕಿದ್ದಲ್ಲಿ ಹಸಿಯಲ್ಲಿ ಸುಮಾರು 38.6 ಇರಬೇಕು. ತಮ್ಮ ಮಣ್ಣು ಎಷ್ಟು ಕುಗ್ಗುತ್ತದೆ ಎಂಬುದು ಮಾಡುವವರಿಗೇ ಚೆನ್ನಾಗಿ ಗೊತ್ತಿರುತ್ತದೆ, ಕೇಳಿ. ತೂತುಗಳನ್ನು ಹಸಿ ಇರುವಾಗಲೇ ಹಾಕಿಸಿ: ನೀರಿಗೆ 20 ಮಿ.ಮೀ.ನ ಎರಡು, ಗಿಡವನ್ನು ಕುಂಡಕ್ಕೆ ಬಿಗಿಯುವ ತಂತಿಗೆ 5 ಮಿ.ಮೀ.ನ ನಾಲ್ಕು. ಅವೂ ಕುಗ್ಗುತ್ತವೆ ಎಂಬುದು ನೆನಪಿರಲಿ. ಈ ಒಂದು ಮಾತು ಮೊದಲೇ ಹೇಳಿದರೆ ಮುಂದೆ ಡ್ರಿಲ್ ಹಿಡಿಯುವ ಕೆಲಸವೇ ಇರುವುದಿಲ್ಲ.

ಸಿಮೆಂಟಿನ ತಟ್ಟೆ ಕುಂಡಗಳು ಅಗ್ಗ. ಹೊಸದರಲ್ಲಿ ಸುಣ್ಣದಂಶ ಬಿಡುತ್ತವೆ, ಎರಡು ವಾರ ನೀರಲ್ಲಿ ಮುಳುಗಿಸಿಟ್ಟು ದಿನ ಬಿಟ್ಟು ದಿನ ನೀರು ಬದಲಿಸಿದ ಮೇಲೆ ಬಳಸಬಹುದು. ಫೈಕಸ್ ಸಹಿಸಿಕೊಳ್ಳುತ್ತದೆ, ಹುಳಿ ಮಣ್ಣು ಬಯಸುವ ಅಜೇಲಿಯಾಕ್ಕೆ ಬೇಡ. ಗಿಡ ಇನ್ನೂ ಬೆಳೆಯುತ್ತಿದ್ದು ಕಾಂಡ ದಪ್ಪವಾಗಬೇಕಿದ್ದರೆ ಚೆಂದದ ಕುಂಡಕ್ಕೆ ಆತುರ ಬೇಡವೇ ಬೇಡ. ಸಣ್ಣ ಕುಂಡಕ್ಕೆ ಹೋದ ದಿನದಿಂದ ಕಾಂಡ ದಪ್ಪವಾಗುವುದು ನಿಂತೇಹೋಗುತ್ತದೆ ಎಂದರೂ ನಡೆದೀತು. ಅಲ್ಲಿಯವರೆಗೆ ಪ್ಲಾಸ್ಟಿಕ್ ತೊಟ್ಟಿಯೇ ಸರಿ.

ಅಂಗಡಿಯಲ್ಲಿ ಪರೀಕ್ಷೆ

ಕುಂಡವನ್ನು ಮಗುಚಿ. ತೂತುಗಳ ಒಟ್ಟು ಜಾಗ ನೋಡಿ: 30 ಸೆಂ.ಮೀ. ಮೀರಿದ ಕುಂಡಕ್ಕೆ ನಡುವೆ ಒಂದೇ ಒಂದು ಸಣ್ಣ ತೂತಿದ್ದರೆ ಕೆಳಗಿಡಿ. ಕಾಲುಗಳು 1 ಸೆಂ.ಮೀ. ಆದರೂ ಎತ್ತರವಿರಬೇಕು, ಇಲ್ಲವಾದರೆ ತೂತು ನೆಲಕ್ಕಂಟಿ ಮುಚ್ಚಿಹೋಗುತ್ತದೆ.

ಆಮೇಲೆ ಸಮನಾದ ಕಲ್ಲು ಅಥವಾ ಗಾಜಿನ ಮೇಲಿಟ್ಟು ಎದುರುಬದುರು ಮೂಲೆ ಒತ್ತಿ. ಅಲುಗಾಡಿದರೆ ಒಂದು ಕಾಲು ಗಿಡ್ಡ. 1 ಮಿ.ಮೀ. ವ್ಯತ್ಯಾಸ ಮನೆಯಲ್ಲಿ ತಿದ್ದಬಹುದು, 3 ಮಿ.ಮೀ. ಆದರೆ ತಳವೇ ಸೊಟ್ಟಗಾಗಿದೆ ಎಂದರ್ಥ. ಬಾಯಿಯ ಅಂಚಿಗೆ ಸ್ಕೇಲ್ ಇಟ್ಟು ಉದ್ದದ ಬದಿ ಒಳಗೆ ಬಾಗಿದೆಯೇ ನೋಡಿ. ಉದ್ದ ಕುಂಡಗಳಲ್ಲಿ ಸುಡುವಾಗ ಇದು ಸಾಮಾನ್ಯ.

ಬಿರುಕಿಗೆ ಎರಡು ಪರೀಕ್ಷೆ. ಕುಂಡವನ್ನು ಬೆರಳ ತುದಿಯ ಮೇಲೆ ಎತ್ತಿ ಹಿಡಿದು ಗೆಣ್ಣಿನಿಂದ ತಟ್ಟಿ. ಚೆನ್ನಾಗಿ ಸುಟ್ಟದ್ದು ಟಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಬೊದ್ದು ಸದ್ದು. ಮೇಜಿನ ಮೇಲಿಟ್ಟು ತಟ್ಟಿದರೆ ಎಲ್ಲವೂ ಬೊದ್ದಾಗಿಯೇ ಕೇಳುತ್ತದೆ, ಆದ್ದರಿಂದ ಎತ್ತಲೇಬೇಕು. ಎರಡನೆಯದು, ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ನೋಡುತ್ತಾ ನಿಲ್ಲಿ. ಮೇಲ್ಮೈ ಆರುವಾಗ ಬಿರುಕಿನ ಗೆರೆ ಮಾತ್ರ ಕಪ್ಪಗೆ ಸ್ವಲ್ಪ ಹೊತ್ತು ಉಳಿಯುತ್ತದೆ. ಮೆರುಗಿನ ಮೇಲೆ ಬಲೆಯಂತೆ ಕಾಣುವ ಸಣ್ಣ ಗೆರೆಗಳು ಬೇರೆ, ಅವು ಮೆರುಗಿನ ಪದರದಲ್ಲಷ್ಟೇ ಇರುತ್ತವೆ, ಕುಂಡ ಒಡೆಯುವುದಿಲ್ಲ.

ಒಳಮೈಗೆ ಮೆರುಗು ಹಚ್ಚಿದ ಕುಂಡ ಬೇಡ. ಅಂಥದ್ದು ಬೋನ್ಸಾಯ್‌ಗೆಂದು ಮಾಡಿದ್ದಲ್ಲ, ಕ್ಯಾಕ್ಟಸ್ಸಿನ ಅಲಂಕಾರಕ್ಕೋ ಹಣ್ಣಿನ ಬಟ್ಟಲಿಗೋ ಮಾಡಿದ್ದು. ಒರಟು ಒಳಮೈ ಬೇರಿನ ಗಡ್ಡೆಯನ್ನು ಹಿಡಿದಿಡುತ್ತದೆ.

ನೀರು ಹೀರುವಿಕೆಯ ಪರೀಕ್ಷೆ ಮನೆಯಲ್ಲಿ. ಒಣ ಕುಂಡ ತೂಗಿ, 24 ಗಂಟೆ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿ. 2,400 ಗ್ರಾಂ ಇದ್ದದ್ದು 2,448 ಆದರೆ ಶೇ. 2. ಟೆರಾಕೋಟದಲ್ಲಿ ಇದು ಶೇ. 10 ದಾಟುವುದು ಮಾಮೂಲು. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಹಾಗಾಗಿ ಟೆರಾಕೋಟ ಒಡೆಯುವ ಭಯವಿಲ್ಲ. ಬೋರ್‌ವೆಲ್ ನೀರಿನ ಉಪ್ಪು ಗೋಡೆಯ ಮೂಲಕ ಹೊರಬಂದು ಬಿಳಿ ಪೊರೆ ಕಟ್ಟುವುದಷ್ಟೇ ತೊಂದರೆ. ಷಿಕಾಗೋ, ಟೊರೊಂಟೊ ಕಡೆಯ ಕನ್ನಡಿಗರು ಚಳಿ ತಡೆಯುವ ಗಿಡಗಳನ್ನು ಹೊರಗೇ ಇಡುವುದಾದರೆ ಶೇ. 3ಕ್ಕಿಂತ ಕಡಿಮೆ ಹೀರುವ ಕುಂಡವನ್ನೇ ಹುಡುಕಬೇಕು. ಬಾಯಿ ಒಳಕ್ಕೆ ಬಾಗಿದ ಆಕಾರವನ್ನೂ ಬಿಡಬೇಕು. ಹೆಪ್ಪುಗಟ್ಟಿದ ಮಣ್ಣು ಹಿಗ್ಗಿ ಮೇಲೇಳಲು ದಾರಿ ಸಿಗದೆ ಗೋಡೆ ಸೀಳುತ್ತದೆ.

ತಂದ ಕುಂಡದ ತಿದ್ದುಪಡಿ

ಈ ಗಿಡಕ್ಕೆ ಆರಿಸಿದ್ದು ಮೆರುಗಿಲ್ಲದ ಕಂದು ಮೊಟ್ಟೆಯಾಕಾರದ ಸ್ಟೋನ್‌ವೇರ್, ಅಂದರೆ ಹೆಚ್ಚು ಶಾಖದಲ್ಲಿ ಸುಟ್ಟ ಗಟ್ಟಿ ಮಣ್ಣಿನ ಕುಂಡ. ಹೊರಗೆ 34 × 25 × 9, ಒಳಗೆ 31 × 22 × 7 ಸೆಂ.ಮೀ. 18 ಮಿ.ಮೀ.ನ ಎರಡು ತೂತು, ತಂತಿಗೆ ತೂತಿಲ್ಲ, ಒಂದು ಕಾಲು ಕೂದಲೆಳೆಯಷ್ಟು ಎತ್ತರ.

ಕಾಲಿನ ಕೆಲಸ ಸುಲಭ. ಗಾಜಿನ ಮೇಲೆ 80 ನಂಬರಿನ ಮರಳು ಕಾಗದ ಅಂಟಿಸಿ, ನೀರು ಚಿಮುಕಿಸಿ, ಕುಂಡವನ್ನು ಎಂಟರ ಆಕಾರದಲ್ಲಿ ಉಜ್ಜಬೇಕು. ಎತ್ತರದ ಕಾಲು ತಾನಾಗಿ ಮೊದಲು ಸವೆಯುತ್ತದೆ. ಕೈಯಲ್ಲಿ ಒಂದೇ ಕಾಲನ್ನು ಉಜ್ಜಲು ಹೋದರೆ ಓರೆಯಾಗುತ್ತದೆ.

ಕಾಲು ಸಮವಾದ ಮೇಲೆ ನೀರಿನ ಪರೀಕ್ಷೆ. ಖಾಲಿ ಕುಂಡವನ್ನು ಸಮತಟ್ಟಾದ ಜಾಗದಲ್ಲಿಟ್ಟು ಎರಡು ಲೋಟ ನೀರು ಸುರಿದು ಕಾಯಿರಿ. ನೀರೆಲ್ಲ ಇಳಿಯಬೇಕು. ಇಲ್ಲಿ ಎರಡು ತೂತುಗಳ ನಡುವೆ ಅಂಗೈ ಅಗಲದ ಜಾಗದಲ್ಲಿ ನೀರು ನಿಂತಿತು, ಬೆಂಕಿಕಡ್ಡಿ ಅದ್ದಿ ನೋಡಿದರೆ 4 ಮಿ.ಮೀ. ಕಾರಣ ಎರಡು: ಸುಡುವಾಗ ತಳದ ನಡುಭಾಗ ಕುಸಿದಿದೆ, ಜೊತೆಗೆ ಹಸಿ ಮಣ್ಣಿನಲ್ಲಿ ತೂತು ಕೊರೆದಾಗ ಎದ್ದ ಅಂಚನ್ನು ಯಾರೂ ಒರೆಸಿಲ್ಲ, ಅದು ಬಳೆಯಂತೆ ತೂತಿನ ಸುತ್ತ ಗಟ್ಟಿಯಾಗಿದೆ. ಈ ನೀರು ಪ್ರತಿ ದಿನ ನಿಲ್ಲುತ್ತದೆ, ಬೇರು ಕೊಳೆಯಲು ಶುರುವಾಗುವುದು ಅಲ್ಲಿಂದ. ನೀರು ಚೆಲ್ಲುವ ಮೊದಲು ಅದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ನೀರು ಆರುತ್ತಾ ಹೋದಂತೆ ಕೊನೆಗೆ ಉಳಿಯುವ ನಾಣ್ಯದಗಲದ ಒದ್ದೆಯೇ ಅತಿ ತಗ್ಗಿನ ಜಾಗ, ಅಲ್ಲಿ ಗುರುತು ಹಾಕಿ. ಹೊಸ ತೂತು ಬೀಳಬೇಕಾದ್ದು ಅಲ್ಲೇ.

ಸ್ಟೋನ್‌ವೇರ್‌ಗೆ ಗೋಡೆ ಕೊರೆಯುವ ಬಿಟ್ ಹತ್ತುವುದಿಲ್ಲ, ವಜ್ರದ ಪುಡಿ ಲೇಪಿಸಿದ ಟೊಳ್ಳು ಬಿಟ್ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಟೈಲ್ಸ್ ಕೊರೆಯುವ ಡೈಮಂಡ್ ಬಿಟ್ ಎಂದು ಕೇಳಿ: ನೀರಿನ ತೂತಿಗೆ 10 ಮಿ.ಮೀ., ತಂತಿಗೆ 5. ಡ್ರಿಲ್ ಮಿಷನ್‌ನಲ್ಲಿ ಹ್ಯಾಮರ್ ಗುಂಡಿ ಆಫ್ ಆಗಿದೆಯೇ ಎಂದು ಎರಡು ಸಲ ನೋಡಿಕೊಳ್ಳಿ, ಆನ್ ಇದ್ದರೆ ಕುಂಡ ಅಲ್ಲಿಗೆ ಮುಗಿಯಿತು. ಕುಂಡದ ಅಡಿಗೆ ಮಡಚಿದ ಗೋಣಿಚೀಲ, ಕೊರೆಯುವ ಜಾಗದ ಹಿಂಬದಿಗೆ ಒತ್ತಿಹಿಡಿಯುವಂತೆ ಮರದ ತುಂಡು. ಬಿಟ್ಟನ್ನು ಓರೆಯಾಗಿ ಹಿಡಿದು ನಿಧಾನ ವೇಗದಲ್ಲಿ ಅರ್ಧಚಂದ್ರದಂಥ ಗೀರು ಬೀಳಿಸಿ, ಆಮೇಲೆ ನೆಟ್ಟಗೆ ಮಾಡಿ. ಟೊಳ್ಳು ಬಿಟ್ಟಿಗೆ ನಡುವೆ ಮೊನೆ ಇಲ್ಲದ್ದರಿಂದ ಶುರುವಿನಲ್ಲೇ ನೆಟ್ಟಗೆ ಹಿಡಿದರೆ ಜಾರಿ ಮೈಯೆಲ್ಲ ಗೀಚುತ್ತದೆ. ಇನ್ನೊಬ್ಬರು ಸಣ್ಣ ಚೊಂಬಿನಿಂದ ನೀರು ಹನಿಸುತ್ತಿರಲಿ. ನೀರು ಬಿಟ್ಟಿನ ಬಿಸಿ ಇಳಿಸುತ್ತದೆ, ಪುಡಿ ಗಾಳಿಗೆ ಹಾರದಂತೆ ತಡೆಯುತ್ತದೆ. ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಮಿಷನ್ನಿಗೆ ತಾಗದಂತೆ ಎಚ್ಚರವಿರಲಿ, ಬ್ಯಾಟರಿ ಡ್ರಿಲ್ ಆದರೆ ಇನ್ನೂ ಒಳ್ಳೆಯದು. ಹೊರತಳದಿಂದ ಮುಕ್ಕಾಲು ಪಾಲು ಕೊರೆದು, ಉಳಿದದ್ದಕ್ಕೆ ಕೈಭಾರ ತೀರಾ ಹಗುರ ಮಾಡಿ. ಒತ್ತಿ ನೂಕಿದರೆ ಆ ಕಡೆ ಬಿಲ್ಲೆಯಂತೆ ಚಕ್ಕೆ ಹಾರುತ್ತದೆ.

ಟೆರಾಕೋಟ ಆದರೆ ಒಂದು ಗಂಟೆ ನೀರಲ್ಲಿ ನೆನೆಸಿ, ಹ್ಯಾಮರ್ ಇಲ್ಲದೆ ಸಾಮಾನ್ಯ ಬಿಟ್ಟಿನಲ್ಲೇ ಕೊರೆಯಬಹುದು.

ತಂತಿಯ ನಾಲ್ಕು ತೂತುಗಳು ಅಂಚಿನಿಂದ 4 ಸೆಂ.ಮೀ. ಒಳಗೆ, ಎರಡೆರಡು ಎದುರುಬದುರಾಗಿ. ತೂತಿನ ಸುತ್ತ ಎದ್ದ ಬಳೆಯನ್ನು ಎಮರಿ ಕಲ್ಲಿನಿಂದ ಸಮ ಮಾಡಿ ಮತ್ತೆ ಎರಡು ಲೋಟ ನೀರು ಸುರಿದು ನೋಡಬೇಕು. ತಳ ಒದ್ದೆಯಾಗಿ ಕಂಡರೆ ಸಾಕು, ಹೊಳೆಯುವ ನೀರು ಉಳಿಯಬಾರದು.

ಅಂಚಿನಲ್ಲಿ ಚಕ್ಕೆ ಎದ್ದು ತುಂಡು ಕೈಯಲ್ಲಿದ್ದರೆ ಪೂರ್ತಿ ಒಣಗಿಸಿ ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಅಂಟಿನಿಂದ ಕೂಡಿಸಿ, ಒಂದು ದಿನ ರಬ್ಬರ್ ಪಟ್ಟಿ ಬಿಗಿದಿಡಿ. ತಳವೇ ಸೀಳಿದ್ದರೆ ಅಂಟು ನಿಲ್ಲುವುದಿಲ್ಲ: ಒದ್ದೆ ಮಣ್ಣಿನ ಭಾರ, ಬೇರಿನ ಒತ್ತಡ ಎರಡೂ ಬೀಳುವುದು ಅಲ್ಲಿಗೇ.

ಗಿಡ ಕೂರಿಸುವುದು

ಬೆಂಗಳೂರಿನಲ್ಲಿ ಫೈಕಸ್ ಕುಂಡ ಬದಲಿಸಲು ಫೆಬ್ರವರಿ ಕೊನೆಯಿಂದ ಮಾರ್ಚ್, ಅಥವಾ ಜೂನ್‌ನ ಮೊದಲ ಮಳೆಗಳು ಸರಿಯಾದ ಕಾಲ. ಡಿಸೆಂಬರ್, ಜನವರಿಯಲ್ಲಿ ಬೇರು ಕತ್ತರಿಸಿದರೆ ಚಿಗುರಲು ಬಹಳ ತಡ ಮಾಡುತ್ತದೆ.

ಮೊಟ್ಟೆಯಾಕಾರದ ಈ ಕುಂಡದ ಒಳಹರವು ಲೆಕ್ಕಕ್ಕೆ 3.7 ಲೀಟರ್. ಖಚಿತ ಬೇಕಿದ್ದರೆ ತೂತಿಗೆ ಟೇಪು ಅಂಟಿಸಿ ನೀರು ತುಂಬಿ ಅಳೆಯಿರಿ. ಕತ್ತರಿಸಿದ ಬೇರಿನ ಗಡ್ಡೆ ಒಂದೂವರೆ ಲೀಟರ್ ಜಾಗ ಹಿಡಿಯುತ್ತದೆ, ಆದ್ದರಿಂದ 3 ಲೀಟರ್ ಮಿಶ್ರಣ ಸಾಕು: ಇಟ್ಟಿಗೆ ಚೂರು ಒಂದೂವರೆ ಲೀಟರ್, ಸಣ್ಣ ಜಲ್ಲಿ ಮುಕ್ಕಾಲು, ಜರಡಿ ಹಿಡಿದ ಎರೆಗೊಬ್ಬರ ಮುಕ್ಕಾಲು. ಚೂರು, ಜಲ್ಲಿ ಎರಡೂ 3ರಿಂದ 6 ಮಿ.ಮೀ. ಇರಬೇಕು, ಪುಡಿಯನ್ನು ಜರಡಿ ಹಿಡಿದು ಎಸೆಯಬೇಕು, ತೊಳೆಯಬೇಕು. ಇಟ್ಟಿಗೆ ಚೆನ್ನಾಗಿ ಸುಟ್ಟದ್ದೇ ಆಗಬೇಕು. ಚೂರನ್ನು ಒಂದು ದಿನ ನೆನೆಸಿ ಬೆರಳಲ್ಲಿ ಉಜ್ಜಿದಾಗ ಕೆಸರಾದರೆ, ಆರು ತಿಂಗಳಲ್ಲಿ ಕುಂಡದ ತಳದಲ್ಲೂ ಕೆಸರೇ.

ತೂತುಗಳಿಗೆ ಪ್ಲಾಸ್ಟಿಕ್ ಜಾಲರಿ ಇಟ್ಟು ತಂತಿಯಿಂದ ಹೊರತಳಕ್ಕೆ ಬಿಗಿಯಿರಿ. ಸೊಳ್ಳೆಪರದೆಯ ಬಲೆ ಬೇಡ, ಬೇಗ ಕಟ್ಟಿಕೊಳ್ಳುತ್ತದೆ. ನಾಲ್ಕು ತೂತುಗಳಲ್ಲಿ 2 ಮಿ.ಮೀ. ಅಲ್ಯೂಮಿನಿಯಂ ತಂತಿ ಎರಡು ಎಳೆ, ತುದಿಗಳು ಮೇಲಕ್ಕೆ. ತಳಕ್ಕೆ ಒಂದು ಸೆಂ.ಮೀ. ಮಿಶ್ರಣ ಹರಡಿ, ಕಾಂಡ ಬರುವ ಜಾಗದಲ್ಲಿ ಸಣ್ಣ ದಿಬ್ಬ ಮಾಡಿ. ತಳದಲ್ಲಿ ದಪ್ಪ ಕಲ್ಲಿನ ಪದರ ಹಾಕುವ ರೂಢಿ ಬಿಡಿ. ಅದು ಒದ್ದೆ ಪದರವನ್ನು ಮೇಲಕ್ಕೆ, ಬೇರಿನ ನಡುವಿಗೇ ತರುತ್ತದೆ.

ಬೇರಿನ ಗಡ್ಡೆಯನ್ನು ಅಡಿಯಿಂದ ಕತ್ತರಿಸಿ 5 ಸೆಂ.ಮೀ. ದಪ್ಪಕ್ಕೆ ತನ್ನಿ, ಸುತ್ತಲೂ ಬಿಡಿಸಿ. ಹೊರಬರುವ ಹಾಲನ್ನು ಒದ್ದೆ ಬಟ್ಟೆಯಿಂದ ಒರೆಸಿ. ಗಿಡ ಸರಿಯಾಗಿ ನಡುವೆ ಕೂರಬಾರದು. ಉದ್ದಕ್ಕೆ ನಡುವಿನಿಂದ ಎರಡು ಮೂರು ಸೆಂ.ಮೀ. ಪಕ್ಕಕ್ಕೆ, ಅಗಲಕ್ಕೆ ನಡುಗೆರೆಗಿಂತ ಸ್ವಲ್ಪ ಹಿಂದೆ. ಉದ್ದನೆಯ ಕೊಂಬೆ ಬಲಕ್ಕಿದ್ದರೆ ಕಾಂಡ ಎಡಕ್ಕೆ. ತಂತಿಯನ್ನು ಬೇರಿನ ಮೇಲೆ ತಂದು, ತಾಗುವ ಕಡೆ ಸೈಕಲ್ ಟ್ಯೂಬಿನ ತುಂಡು ಇಟ್ಟು ಇಕ್ಕಳದಿಂದ ತಿರುಚಿ. ಬಿಗಿ ಸಾಕೇ ಎಂದು ತಿಳಿಯಲು ಕಾಂಡ ಹಿಡಿದು ಮೆಲ್ಲಗೆ ಎತ್ತಿ: ಕುಂಡವೂ ಜೊತೆಗೆ ಏಳಬೇಕು. ಗಿಡ ಅಲುಗಾಡಿದರೆ ಹೊಸ ಬೇರಿನ ಎಳೆ ತುದಿಗಳು ದಿನವೂ ಮುರಿಯುತ್ತವೆ.

ಉಳಿದ ಮಿಶ್ರಣ ಸುರಿದು ಬಿದಿರಿನ ಕಡ್ಡಿಯಿಂದ ಬೇರುಗಳ ಸಂದಿಗೆ ಇಳಿಸಿ. ಕಡ್ಡಿ ಸಲೀಸಾಗಿ ಇಳಿಯುತ್ತಿದ್ದರೆ ಒಳಗೆ ಇನ್ನೂ ಪೊಳ್ಳಿದೆ. ಮಣ್ಣು ಅಂಚಿಗಿಂತ ಅರ್ಧ ಸೆಂ.ಮೀ. ಕೆಳಗೆ ನಿಲ್ಲಲಿ. ಸಣ್ಣ ತೂತಿನ ಝಾರಿಯಿಂದ, ತಳದಿಂದ ಬರುವ ನೀರು ತಿಳಿಯಾಗುವವರೆಗೆ ಹಾಕಿ. ಮೂರು ನಾಲ್ಕು ವಾರ ನೆರಳು, ಗಾಳಿಗೆ ಮರೆ. ಎಲೆ ಕೆಲವು ಹಳದಿಯಾಗಿ ಉದುರುವುದು ಸಹಜ. ಹೊಸ ಚಿಗುರು ಬಲಿತ ಮೇಲೆ, ಅಂದರೆ ಸುಮಾರು ಆರು ವಾರಕ್ಕೆ ಗೊಬ್ಬರ.

ಮೊದಲ ತಿಂಗಳು ವಾರಕ್ಕೊಮ್ಮೆ ಕುಂಡ ಎತ್ತಿ ಮೂರು ತೂತುಗಳಿಂದಲೂ ನೀರು ಬೀಳುತ್ತಿದೆಯೇ ನೋಡಿ. ಒಂದರಿಂದ ಬರುವುದು ನಿಂತಿದ್ದರೆ ಕೆಳಗಿನಿಂದ ಕಡ್ಡಿ ಹಾಕಿ ಕೆದಕಬೇಡಿ, ಜಾಲರಿ ಸರಿಯುತ್ತದೆ. ಪೈಪಿನ ನೀರನ್ನು ಅಡಿಯಿಂದ ಮೆಲ್ಲಗೆ ಹಾಯಿಸಿದರೆ ಕಟ್ಟಿದ ಪುಡಿ ಬಿಟ್ಟುಕೊಳ್ಳುತ್ತದೆ.